ಚಾರ್ಟರ್ ಶಾಲೆ

ಚಾರ್ಟರ್ ಶಾಲೆ ಎಂಬುದು ಸರ್ಕಾರದ ಹಣದಿಂದ ನಡೆಯುವ, ಆದರೆ ಸರ್ಕಾರಿ ಶಿಕ್ಷಣ ಇಲಾಖೆಯ ದೈನಂದಿನ ಆಡಳಿತಕ್ಕೆ ಒಳಪಡದ ಒಂದು ಬಗೆಯ ಶಾಲೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1990ರ ದಶಕದ ಆರಂಭದಲ್ಲಿ ಈ ವ್ಯವಸ್ಥೆ ರೂಪುಗೊಂಡಿತು. ಶಾಲೆಯನ್ನು ನಡೆಸಲು ಮುಂದೆ ಬರುವ ಸಂಸ್ಥೆಯು ಸರ್ಕಾರ ಗೊತ್ತುಪಡಿಸಿದ ಒಂದು ಪ್ರಾಧಿಕಾರದೊಡನೆ ನಿರ್ದಿಷ್ಟ ಅವಧಿಯ ಒಪ್ಪಂದ ಮಾಡಿಕೊಳ್ಳುತ್ತದೆ. ಈ ಒಪ್ಪಂದಕ್ಕೆ ಚಾರ್ಟರ್, ಅಂದರೆ ಸನ್ನದು ಎಂದು ಹೆಸರು. ಪಠ್ಯಕ್ರಮ, ನೇಮಕಾತಿ, ವೇಳಾಪಟ್ಟಿ, ಖರ್ಚುವೆಚ್ಚಗಳಲ್ಲಿ ಶಾಲೆಗೆ ಸ್ವಾತಂತ್ರ್ಯ ದೊರೆಯುತ್ತದೆ. ಅದಕ್ಕೆ ಪ್ರತಿಯಾಗಿ ವಿದ್ಯಾರ್ಥಿಗಳ ಕಲಿಕೆಯಲ್ಲಿ ಇಂತಿಷ್ಟು ಪ್ರಗತಿ ತೋರಿಸುವ ಹೊಣೆಯನ್ನು ಶಾಲೆ ಹೊರುತ್ತದೆ. ಹೊಣೆ ನಿರ್ವಹಿಸದಿದ್ದರೆ ಸನ್ನದು ನವೀಕರಣಗೊಳ್ಳುವುದಿಲ್ಲ ಮತ್ತು ಶಾಲೆ ಮುಚ್ಚುತ್ತದೆ.

2021ರ ಶೈಕ್ಷಣಿಕ ವರ್ಷದ ಆರಂಭದಲ್ಲಿ ಅಮೆರಿಕದಲ್ಲಿ ಸುಮಾರು 7,800 ಚಾರ್ಟರ್ ಶಾಲೆಗಳಿದ್ದು, ಅವುಗಳಲ್ಲಿ ಸುಮಾರು 37 ಲಕ್ಷ ಮಕ್ಕಳು ಕಲಿಯುತ್ತಿದ್ದರು. ಇದು ಆ ದೇಶದ ಸಾರ್ವಜನಿಕ ಶಾಲಾ ವಿದ್ಯಾರ್ಥಿಗಳಲ್ಲಿ ಶೇಕಡಾ 7ರಷ್ಟು. ಸರ್ಕಾರಿ ಶಿಕ್ಷಣವನ್ನು ಸುಧಾರಿಸುವ ದಾರಿಯೆಂದು ಕೆಲವರು, ಅದನ್ನು ಒಳಗಿನಿಂದಲೇ ಬರಿದು ಮಾಡುವ ಕ್ರಮವೆಂದು ಕೆಲವರು ಭಾವಿಸುವ ಈ ಶಾಲೆಗಳು ಮೂರು ದಶಕಗಳಿಂದ ಅಮೆರಿಕದ ಶಿಕ್ಷಣ ರಾಜಕೀಯದ ಮುಖ್ಯ ವಿವಾದಗಳಲ್ಲಿ ಒಂದಾಗಿವೆ.

ಹೆಸರು ಮತ್ತು ಲಕ್ಷಣಗಳು

ಸನ್ನದು ಎಂಬ ಪದ ಭಾರತದ ಇತಿಹಾಸವನ್ನು ಓದಿದವರಿಗೆ ಪರಿಚಿತ. 1600ರಲ್ಲಿ ಇಂಗ್ಲೆಂಡಿನ ರಾಣಿ ಈಸ್ಟ್ ಇಂಡಿಯಾ ಕಂಪನಿಗೆ ನೀಡಿದ್ದೂ ಸನ್ನದೇ. ಒಂದು ಅಧಿಕಾರಸ್ಥಾನವು ಮತ್ತೊಂದು ಸಂಸ್ಥೆಗೆ ಗೊತ್ತಾದ ಕೆಲಸವನ್ನು, ಗೊತ್ತಾದ ಷರತ್ತುಗಳೊಂದಿಗೆ, ಗೊತ್ತಾದ ಕಾಲದವರೆಗೆ ವಹಿಸಿಕೊಡುವುದು ಇದರ ತಿರುಳು. ಶಾಲೆಗಳ ವಿಷಯದಲ್ಲೂ ಇದೇ ಅರ್ಥ ಉಳಿದುಕೊಂಡಿದೆ.

ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆಯಾದರೂ ಚಾರ್ಟರ್ ಶಾಲೆಗಳಿಗೆ ಕೆಲವು ಸಾಮಾನ್ಯ ಲಕ್ಷಣಗಳಿವೆ:

• ಬೋಧನಾ ಶುಲ್ಕವಿಲ್ಲ.
• ಪ್ರವೇಶ ಎಲ್ಲರಿಗೂ ಮುಕ್ತ. ಸೀಟುಗಳಿಗಿಂತ ಅರ್ಜಿಗಳು ಹೆಚ್ಚಾದರೆ ಲಾಟರಿಯ ಮೂಲಕ ಆಯ್ಕೆ ನಡೆಯುತ್ತದೆ.
• ಧರ್ಮಬೋಧನೆ ಇರುವಂತಿಲ್ಲ.
• ರಾಜ್ಯದ ಸಾರ್ವತ್ರಿಕ ಪರೀಕ್ಷೆಗಳನ್ನು ವಿದ್ಯಾರ್ಥಿಗಳು ಬರೆಯಬೇಕು.
• ನಾಗರಿಕ ಹಕ್ಕು ಮತ್ತು ಅಂಗವಿಕಲ ಮಕ್ಕಳ ಶಿಕ್ಷಣಕ್ಕೆ ಸಂಬಂಧಿಸಿದ ಒಕ್ಕೂಟ ಸರ್ಕಾರದ ಕಾನೂನುಗಳು ಇವಕ್ಕೂ ಅನ್ವಯಿಸುತ್ತವೆ.

ಖಾಸಗಿ ಶಾಲೆಯ ಶುಲ್ಕಕ್ಕಾಗಿ ಸರ್ಕಾರ ಪೋಷಕರಿಗೆ ಹಣ ನೀಡುವ ವೋಚರ್ ಪದ್ಧತಿಗೂ ಚಾರ್ಟರ್ ಶಾಲೆಗೂ ವ್ಯತ್ಯಾಸವಿದೆ. ವೋಚರ್ ಪಡೆದ ಮಗು ಖಾಸಗಿ ಶಾಲೆಗೆ ಹೋಗುತ್ತದೆ. ಚಾರ್ಟರ್ ಶಾಲೆಯಾದರೋ ಕಾನೂನಿನ ದೃಷ್ಟಿಯಲ್ಲಿ ಸಾರ್ವಜನಿಕ ಶಾಲೆಯೇ ಆಗಿದೆ.

ಹುಟ್ಟು

ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಣ ವಿಭಾಗದ ಪ್ರಾಧ್ಯಾಪಕರಾಗಿದ್ದ ರೇ ಬಡ್ಡೆ 1974ರಲ್ಲಿ ಸನ್ನದಿನ ಕಲ್ಪನೆಯನ್ನು ಮೊದಲು ಮಂಡಿಸಿದರು. ಹೊಸದೇನನ್ನಾದರೂ ಪ್ರಯೋಗಿಸಬಯಸುವ ಶಿಕ್ಷಕರ ತಂಡಕ್ಕೆ ಶಾಲಾ ಮಂಡಳಿಯು ನೇರವಾಗಿ ಸನ್ನದು ನೀಡಬೇಕೆಂಬುದು ಅವರ ಸೂಚನೆ. ಆಗ ಅದಕ್ಕೆ ಯಾರೂ ಕಿವಿಗೊಡಲಿಲ್ಲ. 1988ರಲ್ಲಿ ಅದು ಪುಸ್ತಕರೂಪದಲ್ಲಿ ಪ್ರಕಟವಾಯಿತು. ಅದೇ ವರ್ಷ ಅಮೆರಿಕನ್ ಫೆಡರೇಷನ್ ಆಫ್ ಟೀಚರ್ಸ್ ಎಂಬ ಶಿಕ್ಷಕರ ಸಂಘಟನೆಯ ಅಧ್ಯಕ್ಷ ಆಲ್ಬರ್ಟ್ ಶ್ಯಾಂಕರ್ ವಾಷಿಂಗ್ಟನ್ನಿನ ನ್ಯಾಷನಲ್ ಪ್ರೆಸ್ ಕ್ಲಬ್ಬಿನಲ್ಲಿ ಭಾಷಣ ಮಾಡುತ್ತ ಇಂಥದೇ ವಿಚಾರವನ್ನು ದೇಶದ ಮುಂದಿಟ್ಟರು. ಸಾಮಾನ್ಯ ತರಗತಿಯಲ್ಲಿ ಹಿಂದುಳಿಯುವ ಮಕ್ಕಳಿಗಾಗಿ ಶಿಕ್ಷಕರೇ ರೂಪಿಸಿ ನಡೆಸುವ ಪ್ರಾಯೋಗಿಕ ಶಾಲೆಗಳು ಬೇಕು, ಅಲ್ಲಿ ಕಂಡುಕೊಂಡ ಒಳ್ಳೆಯ ಕ್ರಮಗಳು ಉಳಿದ ಶಾಲೆಗಳಿಗೆ ಹರಡಬೇಕು ಎಂಬುದು ಅವರ ಆಶಯವಾಗಿತ್ತು.

ಈ ಮಾತು ಮಿನ್ನೆಸೋಟ ರಾಜ್ಯದಲ್ಲಿ ಕಾನೂನಾಯಿತು. ರಾಜ್ಯದ ಸೆನೆಟರ್ ಎಂಬರ್ ರೈಕ್‌ಗಾಟ್ ಜಂಗ್ ಅವರ ಪ್ರಯತ್ನದಿಂದ 1991ರಲ್ಲಿ ದೇಶದ ಮೊದಲ ಚಾರ್ಟರ್ ಶಾಲಾ ಕಾಯ್ದೆ ಅಂಗೀಕಾರವಾಯಿತು. 1992ರಲ್ಲಿ ಸೇಂಟ್ ಪಾಲ್ ನಗರದಲ್ಲಿ ಸಿಟಿ ಅಕಾಡೆಮಿ ಎಂಬ ಮೊದಲ ಶಾಲೆ ತೆರೆಯಿತು. ಓದನ್ನು ಅರ್ಧಕ್ಕೆ ಬಿಟ್ಟ ಹದಿಹರೆಯದವರನ್ನು ಮತ್ತೆ ಶಾಲೆಗೆ ತರುವುದು ಅದರ ಗುರಿಯಾಗಿತ್ತು. ಅದೇ ವರ್ಷ ಕ್ಯಾಲಿಫೋರ್ನಿಯ ಎರಡನೆಯ ಕಾಯ್ದೆಯನ್ನು ಮಾಡಿತು.

ಚಳವಳಿ ಬೆಳೆದಂತೆ ಅದರ ಸ್ವರೂಪ ಬದಲಾಯಿತು. ಶಿಕ್ಷಕರ ಪ್ರಯೋಗಶಾಲೆ ಎಂಬ ಮೂಲ ಕಲ್ಪನೆ ಹಿಂದೆ ಸರಿದು, ಶಾಲೆಗಳ ನಡುವಿನ ಸ್ಪರ್ಧೆ ಮತ್ತು ಪೋಷಕರ ಆಯ್ಕೆ ಎಂಬ ಮಾತುಗಳು ಮುಂದೆ ಬಂದವು. ಖಾಸಗಿ ಕಂಪನಿಗಳು ಈ ಕ್ಷೇತ್ರಕ್ಕೆ ಕಾಲಿಟ್ಟವು. ಬಹುಪಾಲು ಚಾರ್ಟರ್ ಶಾಲೆಗಳಲ್ಲಿ ಶಿಕ್ಷಕರ ಸಂಘವೇ ಇಲ್ಲದಂತಾಯಿತು. ಕಲ್ಪನೆಯನ್ನು ಜನಪ್ರಿಯಗೊಳಿಸಿದ ಶ್ಯಾಂಕರ್ ಅವರೇ 1997ರಲ್ಲಿ ನಿಧನರಾಗುವ ಮೊದಲು ಅದರ ಟೀಕಾಕಾರರಾಗಿದ್ದರು.

ಬೆಳವಣಿಗೆ

ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಕಾಲದಲ್ಲಿ, 1994ರಲ್ಲಿ, ಹೊಸ ಚಾರ್ಟರ್ ಶಾಲೆಗಳ ಆರಂಭಿಕ ವೆಚ್ಚಕ್ಕೆ ನೆರವು ನೀಡುವ ಒಕ್ಕೂಟ ಸರ್ಕಾರದ ಕಾರ್ಯಕ್ರಮ ಜಾರಿಗೆ ಬಂದಿತು. 2000ದ ಹೊತ್ತಿಗೆ ಸುಮಾರು 2,000 ಶಾಲೆಗಳಲ್ಲಿ ನಾಲ್ಕು ಲಕ್ಷದಷ್ಟು ಮಕ್ಕಳಿದ್ದರು. ಜಾರ್ಜ್ ಡಬ್ಲ್ಯು. ಬುಷ್ ಅವರ ಅವಧಿಯ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯ್ದೆಯು ಸತತವಾಗಿ ಕಳಪೆ ಫಲಿತಾಂಶ ಪಡೆಯುವ ಸರ್ಕಾರಿ ಶಾಲೆಗಳನ್ನು ಚಾರ್ಟರ್ ಶಾಲೆಗಳಾಗಿ ಪರಿವರ್ತಿಸುವುದನ್ನೂ ಒಂದು ಪರಿಹಾರವಾಗಿ ಸೂಚಿಸಿತು. ಬರಾಕ್ ಒಬಾಮ ಸರ್ಕಾರ 2009ರಲ್ಲಿ ಆರಂಭಿಸಿದ 435 ಕೋಟಿ ಡಾಲರುಗಳ 'ರೇಸ್ ಟು ದ ಟಾಪ್' ಸ್ಪರ್ಧೆಯಲ್ಲಿ, ಚಾರ್ಟರ್ ಶಾಲೆಗಳಿಗೆ ಅನುಕೂಲಕರವಾದ ಕಾನೂನುಳ್ಳ ರಾಜ್ಯಗಳಿಗೆ ಹೆಚ್ಚಿನ ಅಂಕ ದೊರೆಯುತ್ತಿತ್ತು. ಹಲವು ರಾಜ್ಯಗಳು ತಮ್ಮ ನಿಯಮಗಳನ್ನು ಸಡಿಲಿಸಿದವು.

2010ರಿಂದ 2021ರ ನಡುವೆ ಶಾಲೆಗಳ ಸಂಖ್ಯೆ ಸುಮಾರು 5,300ರಿಂದ 7,800ಕ್ಕೂ ವಿದ್ಯಾರ್ಥಿಗಳ ಸಂಖ್ಯೆ 18 ಲಕ್ಷದಿಂದ 37 ಲಕ್ಷಕ್ಕೂ ಏರಿತು. ಕೋವಿಡ್ ಪಿಡುಗಿನ ಮೊದಲ ವರ್ಷದಲ್ಲಿ ಸಾಮಾನ್ಯ ಸರ್ಕಾರಿ ಶಾಲೆಗಳ ದಾಖಲಾತಿ ಕುಸಿದರೆ, ಚಾರ್ಟರ್ ಶಾಲೆಗಳ ದಾಖಲಾತಿ 34 ಲಕ್ಷದಿಂದ 37 ಲಕ್ಷಕ್ಕೆ ಹೆಚ್ಚಿತು. ಈ ಶಾಲೆಗಳ ವಿದ್ಯಾರ್ಥಿಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳು ಹಿಸ್ಪಾನಿಕ್ ಕುಟುಂಬಗಳವರು. ಸುಮಾರು ನಾಲ್ಕನೆಯ ಒಂದು ಭಾಗ ಕರಿಯ ಜನಾಂಗದವರು.

ಹರಡುವಿಕೆ ಎಲ್ಲೆಡೆ ಒಂದೇ ಸಮನಾಗಿಲ್ಲ. ರಾಜಧಾನಿ ವಾಷಿಂಗ್ಟನ್ನಿನಲ್ಲಿ ಸಾರ್ವಜನಿಕ ಶಾಲಾ ಮಕ್ಕಳಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿ ಚಾರ್ಟರ್ ಶಾಲೆಗಳಲ್ಲಿದ್ದಾರೆ. ಅರಿಜೋನ ರಾಜ್ಯದಲ್ಲಿ ಈ ಪ್ರಮಾಣ ಐದರಲ್ಲಿ ಒಂದರಷ್ಟು. ಇನ್ನೊಂದೆಡೆ ನೆಬ್ರಾಸ್ಕ, ದಕ್ಷಿಣ ಡಕೋಟ, ವರ್ಮಾಂಟ್‌ನಂಥ ಗ್ರಾಮೀಣ ಪ್ರಧಾನ ರಾಜ್ಯಗಳು ಇಂಥ ಕಾನೂನನ್ನೇ ಮಾಡಿಲ್ಲ. ಊರಿಗೊಂದೇ ಶಾಲೆ ಇರುವಲ್ಲಿ ಆಯ್ಕೆಯ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ.

ಆಡಳಿತ

ಸನ್ನದು ನೀಡುವ ಪ್ರಾಧಿಕಾರಗಳು

ಸನ್ನದು ನೀಡುವ, ಮೇಲ್ವಿಚಾರಣೆ ನಡೆಸುವ ಮತ್ತು ಅವಧಿ ಮುಗಿದಾಗ ನವೀಕರಿಸುವ ಅಧಿಕಾರ ಹೆಚ್ಚಿನ ಕಡೆ ಸ್ಥಳೀಯ ಶಾಲಾ ಮಂಡಳಿಗಳಿಗಿದೆ. ಕೆಲವು ರಾಜ್ಯಗಳಲ್ಲಿ ರಾಜ್ಯ ಶಿಕ್ಷಣ ಮಂಡಳಿ, ಪ್ರತ್ಯೇಕ ಚಾರ್ಟರ್ ಮಂಡಳಿ ಅಥವಾ ವಿಶ್ವವಿದ್ಯಾಲಯಗಳಿಗೂ ಈ ಅಧಿಕಾರವಿದೆ. ಮಿಷಿಗನ್ನಿನ ಸೆಂಟ್ರಲ್ ಮಿಷಿಗನ್ ವಿಶ್ವವಿದ್ಯಾಲಯ ಇದಕ್ಕೆ ಪ್ರಸಿದ್ಧ ನಿದರ್ಶನ. ಇಂಡಿಯಾನಾಪೊಲಿಸ್‌ನಲ್ಲಿ ನಗರದ ಮೇಯರ್ ಕೂಡ ಸನ್ನದು ನೀಡಬಲ್ಲರು. ಒಪ್ಪಂದದ ಅವಧಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಅರಿಜೋನದಲ್ಲಿ ಮೊದಲ ಸನ್ನದಿಗೆ 15 ವರ್ಷ.

ಇಡೀ ವ್ಯವಸ್ಥೆಯ ಬಲಾಬಲ ಈ ಪ್ರಾಧಿಕಾರಗಳನ್ನು ಅವಲಂಬಿಸಿದೆ. ಅರ್ಜಿಯನ್ನು ಕಟ್ಟುನಿಟ್ಟಾಗಿ ಪರಿಶೀಲಿಸಿ, ಲೆಕ್ಕಪತ್ರಗಳನ್ನು ವರ್ಷವರ್ಷವೂ ನೋಡಿ, ಕಳಪೆ ಶಾಲೆಯನ್ನು ಮುಚ್ಚುವ ಧೈರ್ಯ ತೋರುವ ಪ್ರಾಧಿಕಾರವಿದ್ದಲ್ಲಿ ಫಲಿತಾಂಶ ಉತ್ತಮವಾಗಿರುತ್ತದೆ. ಸ್ಥಳೀಯ ಶಾಲಾ ಮಂಡಳಿಗೆ ಚಾರ್ಟರ್ ಶಾಲೆ ಪ್ರತಿಸ್ಪರ್ಧಿಯೂ ಹೌದು. ಆದ್ದರಿಂದ ಅದರ ತೀರ್ಪು ನಿಷ್ಪಕ್ಷಪಾತವಾಗಿರಲಾರದೆಂಬ ಆಕ್ಷೇಪವಿದೆ. ತದ್ವಿರುದ್ಧವಾಗಿ, ಶಾಲೆಯ ಅನುದಾನದಲ್ಲಿ ಒಂದು ಪಾಲನ್ನು ಮೇಲ್ವಿಚಾರಣಾ ಶುಲ್ಕವಾಗಿ ಪಡೆಯುವ ದೂರದ ಸಂಸ್ಥೆಗಳಿಗೆ ಶಾಲೆಯನ್ನು ಮುಚ್ಚುವುದರಿಂದ ನಷ್ಟವೇ ಆಗುತ್ತದೆ.

ನಿರ್ವಹಣಾ ಸಂಸ್ಥೆಗಳು

ಪ್ರತಿ ಶಾಲೆಗೂ ಒಂದು ಆಡಳಿತ ಮಂಡಳಿ ಇರುತ್ತದೆ. ಇದು ಸಾಮಾನ್ಯವಾಗಿ ಜನರಿಂದ ಚುನಾಯಿತವಲ್ಲ, ನೇಮಿತ ಮಂಡಳಿ. ನಿರ್ವಹಣೆಯ ದೃಷ್ಟಿಯಿಂದ ಈ ಶಾಲೆಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಬಿಡಿ ಶಾಲೆಗಳು. ಊರಿನ ಪೋಷಕರು, ಶಿಕ್ಷಕರು ಅಥವಾ ಸ್ಥಳೀಯ ಸಂಘಗಳು ಇವನ್ನು ನಡೆಸುತ್ತವೆ. ಸಂಖ್ಯೆಯಲ್ಲಿ ಇವೇ ಹೆಚ್ಚು.

ಎರಡನೆಯದು, ಲಾಭರಹಿತ ಸಂಸ್ಥೆಗಳ ಶಾಲಾ ಸಮೂಹಗಳು. ಮೈಕ್ ಫೈನ್‌ಬರ್ಗ್ ಮತ್ತು ಡೇವ್ ಲೆವಿನ್ ಎಂಬ ತರುಣ ಶಿಕ್ಷಕರು 1994ರಲ್ಲಿ ಹ್ಯೂಸ್ಟನ್ನಿನಲ್ಲಿ ಆರಂಭಿಸಿದ 'ಕಿಪ್', ಈವಾ ಮಾಸ್ಕೊವಿಟ್ಜ್ 2006ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಸ್ಥಾಪಿಸಿದ 'ಸಕ್ಸೆಸ್ ಅಕಾಡೆಮಿ' ಇವುಗಳಲ್ಲಿ ಹೆಸರಾದವು. ದೀರ್ಘವಾದ ಶಾಲಾದಿನ, ಕಟ್ಟುನಿಟ್ಟಿನ ಶಿಸ್ತು, ಪದೇ ಪದೇ ಪರೀಕ್ಷೆ, ಎಲ್ಲ ಮಕ್ಕಳೂ ಕಾಲೇಜು ಸೇರಬೇಕೆಂಬ ಗುರಿ ಇಂಥ ಶಾಲೆಗಳ ವೈಶಿಷ್ಟ್ಯ. ಈ ಬಗೆಯ ಶಿಸ್ತು ಬಡ ಮಕ್ಕಳ ಮೇಲೆ ಅತಿಯಾದ ಹಿಡಿತ ಸಾಧಿಸುತ್ತದೆಂಬ ಟೀಕೆ ಬಂದ ಮೇಲೆ ಹಲವು ಸಮೂಹಗಳು ತಮ್ಮ ಕ್ರಮವನ್ನು ಮೃದುಗೊಳಿಸಿವೆ. ಕಿಪ್ 2020ರಲ್ಲಿ ತನ್ನ ಹಳೆಯ ಧ್ಯೇಯವಾಕ್ಯವನ್ನೇ ಕೈಬಿಟ್ಟಿತು.

ಮೂರನೆಯದು, ಲಾಭೋದ್ದೇಶದ ಕಂಪನಿಗಳು ನಿರ್ವಹಿಸುವ ಶಾಲೆಗಳು. ಬಹುತೇಕ ರಾಜ್ಯಗಳಲ್ಲಿ ಇಂಥ ಕಂಪನಿಗೆ ನೇರವಾಗಿ ಸನ್ನದು ಸಿಗುವುದಿಲ್ಲ. ಲಾಭರಹಿತ ಮಂಡಳಿಯೊಂದು ಸನ್ನದು ಪಡೆದು ನಿರ್ವಹಣೆಯನ್ನು ಕಂಪನಿಗೆ ಗುತ್ತಿಗೆ ಕೊಡುತ್ತದೆ. ಕೆಲವು ಗುತ್ತಿಗೆಗಳಲ್ಲಿ ಶಾಲೆಗೆ ಬರುವ ಹಣವೆಲ್ಲ ಹೆಚ್ಚುಕಡಿಮೆ ಪೂರ್ತಿಯಾಗಿ ಕಂಪನಿಯ ಕೈ ಸೇರುತ್ತದೆ. ಶಾಲೆಯ ಕಟ್ಟಡವೂ ಅದೇ ಕಂಪನಿಯ ಸಹಸಂಸ್ಥೆಯದಾಗಿದ್ದು, ಬಾಡಿಗೆಯೂ ಅಲ್ಲಿಗೇ ಸಲ್ಲುತ್ತದೆ. ಮಿಷಿಗನ್ನಿನಲ್ಲಿ ಕಂಪನಿಗಳು ನಡೆಸುವ ಶಾಲೆಗಳ ಪಾಲು ದೊಡ್ಡದು.

ಶಿಕ್ಷಕರು

ಚಾರ್ಟರ್ ಶಾಲೆಗಳ ಶಿಕ್ಷಕರಲ್ಲಿ ಬಹುಮಂದಿಗೆ ಸೇವಾ ಭದ್ರತೆ ಇರುವುದಿಲ್ಲ. ವೇತನ ಶ್ರೇಣಿಯನ್ನು ಶಾಲೆಯೇ ನಿರ್ಧರಿಸುತ್ತದೆ. ಕೆಲವು ರಾಜ್ಯಗಳಲ್ಲಿ ಶಿಕ್ಷಕರೆಲ್ಲರಿಗೂ ಬೋಧನಾ ಪರವಾನಗಿ ಇರಬೇಕೆಂಬ ನಿಯಮದಿಂದಲೂ ವಿನಾಯಿತಿ ಇದೆ. ಸರ್ಕಾರಿ ಶಾಲೆಗಳಿಗೆ ಹೋಲಿಸಿದರೆ ಇಲ್ಲಿನ ಶಿಕ್ಷಕರು ಸರಾಸರಿಯಲ್ಲಿ ಕಿರಿಯರು ಮತ್ತು ಬೇಗನೆ ಕೆಲಸ ಬಿಡುವವರು. ಸಂಘಟಿತ ಶಿಕ್ಷಕರಿರುವ ಶಾಲೆಗಳು ಹತ್ತರಲ್ಲಿ ಒಂದರಷ್ಟು ಮಾತ್ರ. 2018ರ ಡಿಸೆಂಬರ್‌ನಲ್ಲಿ ಷಿಕಾಗೋದ ಏಸೆರೋ ಶಾಲಾ ಸಮೂಹದ ಶಿಕ್ಷಕರು ನಡೆಸಿದ ಮುಷ್ಕರ ಚಾರ್ಟರ್ ಶಾಲೆಗಳ ಇತಿಹಾಸದಲ್ಲಿ ಮೊದಲನೆಯದು.

ಹಣಕಾಸು

ಅಮೆರಿಕದ ಸರ್ಕಾರಿ ಶಾಲೆಗಳ ವೆಚ್ಚದ ಬಹುಪಾಲು ರಾಜ್ಯ ಸರ್ಕಾರದ ಅನುದಾನದಿಂದಲೂ ಸ್ಥಳೀಯ ಆಸ್ತಿ ತೆರಿಗೆಯಿಂದಲೂ ಬರುತ್ತದೆ; ಒಕ್ಕೂಟ ಸರ್ಕಾರದ ಪಾಲು ಸಣ್ಣದು. ಚಾರ್ಟರ್ ಶಾಲೆಗೆ ತಲಾ ವಿದ್ಯಾರ್ಥಿಗೆ ಇಂತಿಷ್ಟು ಎಂಬ ಲೆಕ್ಕದಲ್ಲಿ ಹಣ ಸಲ್ಲುತ್ತದೆ. ಮಗು ಶಾಲೆ ಬದಲಿಸಿದರೆ ಹಣವೂ ಅದರ ಹಿಂದೆ ಹೋಗುತ್ತದೆ.

ವಿವಾದದ ಮೂಲ ಇಲ್ಲಿದೆ. ಒಂದು ಸರ್ಕಾರಿ ಶಾಲೆಯಿಂದ ಇಪ್ಪತ್ತು ಮಕ್ಕಳು ಬಿಟ್ಟುಹೋದರೆಂದು ಭಾವಿಸೋಣ. ಅವರೆಲ್ಲ ಒಂದೇ ತರಗತಿಯವರಾಗಿರುವುದಿಲ್ಲ. ತರಗತಿಗೆ ಇಬ್ಬರು ಮೂವರಂತೆ ಹೋಗಿರುತ್ತಾರೆ. ಶಾಲೆಯು ಇಪ್ಪತ್ತು ಮಕ್ಕಳ ಹಣವನ್ನು ಕಳೆದುಕೊಂಡರೂ ಒಬ್ಬ ಶಿಕ್ಷಕರನ್ನಾಗಲಿ, ಒಂದು ಬಸ್ಸನ್ನಾಗಲಿ, ಕಟ್ಟಡದ ನಿರ್ವಹಣೆಯನ್ನಾಗಲಿ ಕಡಿಮೆ ಮಾಡಲಾಗುವುದಿಲ್ಲ. ನಿವೃತ್ತರ ಪಿಂಚಣಿ, ಹಳೆಯ ಸಾಲ ಮೊದಲಾದ ಹೊರೆಗಳು ಹಾಗೆಯೇ ಉಳಿಯುತ್ತವೆ. ಹೀಗಾಗಿ ಉಳಿದ ಮಕ್ಕಳಿಗೆ ಸಿಗುವ ಸೌಲಭ್ಯ ಕುಗ್ಗುತ್ತದೆ ಎಂಬುದು ವಿರೋಧಿಗಳ ಮುಖ್ಯ ವಾದ. ಚಾರ್ಟರ್ ಶಾಲೆಗಳವರು ಇದಕ್ಕೆ ಪ್ರತಿಯಾಗಿ, ಹಲವು ರಾಜ್ಯಗಳಲ್ಲಿ ತಮಗೆ ಸ್ಥಳೀಯ ತೆರಿಗೆಯ ಪೂರ್ಣ ಪಾಲು ಸಿಗುವುದಿಲ್ಲ, ಕಟ್ಟಡಕ್ಕೆ ಪ್ರತ್ಯೇಕ ಹಣವಿಲ್ಲ, ಪಾಠಕ್ಕೆಂದು ಬಂದ ಹಣದಲ್ಲೇ ಬಾಡಿಗೆ ಕಟ್ಟಬೇಕು ಎಂದು ಹೇಳುತ್ತಾರೆ. ಈ ಕೊರತೆಯನ್ನು ತುಂಬುವಲ್ಲಿ ವಾಲ್ಟನ್, ಗೇಟ್ಸ್, ಬ್ರಾಡ್ ಮೊದಲಾದ ದತ್ತಿ ಪ್ರತಿಷ್ಠಾನಗಳು ದೊಡ್ಡ ಪಾತ್ರ ವಹಿಸಿವೆ.

ನ್ಯೂ ಆರ್ಲಿಯನ್ಸ್

ಚಾರ್ಟರ್ ವ್ಯವಸ್ಥೆಯ ಅತ್ಯಂತ ವ್ಯಾಪಕ ಪ್ರಯೋಗ ನಡೆದದ್ದು ಲೂಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸ್ ನಗರದಲ್ಲಿ. 2005ರ ಆಗಸ್ಟ್ 29ರಂದು ಅಪ್ಪಳಿಸಿದ ಕತ್ರಿನಾ ಚಂಡಮಾರುತದಲ್ಲಿ ನಗರದ ಬಹುಪಾಲು ಮುಳುಗಿತು. ಅದಕ್ಕೆ ಮೊದಲೇ ಅಲ್ಲಿನ ಶಾಲೆಗಳು ಕಳಪೆ ಫಲಿತಾಂಶ, ಸಾಲ, ಭ್ರಷ್ಟಾಚಾರಗಳಿಂದ ಹೆಸರು ಕೆಡಿಸಿಕೊಂಡಿದ್ದವು. ಅದೇ ವರ್ಷದ ನವೆಂಬರಿನಲ್ಲಿ ರಾಜ್ಯವು ಕಾನೂನು ತಿದ್ದಿ, ಹೆಚ್ಚಿನ ಶಾಲೆಗಳನ್ನು ಸ್ಥಳೀಯ ಮಂಡಳಿಯಿಂದ ಕಿತ್ತು 'ರಿಕವರಿ ಸ್ಕೂಲ್ ಡಿಸ್ಟ್ರಿಕ್ಟ್' ಎಂಬ ರಾಜ್ಯಮಟ್ಟದ ಸಂಸ್ಥೆಗೆ ಒಪ್ಪಿಸಿತು. ಆ ಸಂಸ್ಥೆ ಒಂದೊಂದಾಗಿ ಅವನ್ನು ಚಾರ್ಟರ್ ಶಾಲೆಗಳಾಗಿ ಮಾರ್ಪಡಿಸಿತು.

ಇದರ ಬೆಲೆಯನ್ನು ಮೊದಲು ತೆತ್ತವರು ಅಲ್ಲಿನ ಸಿಬ್ಬಂದಿ. ಸುಮಾರು 7,500 ಶಿಕ್ಷಕರು ಮತ್ತು ನೌಕರರು ಒಟ್ಟಿಗೆ ಕೆಲಸ ಕಳೆದುಕೊಂಡರು. ಪ್ರವಾಹದಲ್ಲಿ ಮನೆಮಠಗಳನ್ನು ಕಳೆದುಕೊಂಡಿದ್ದವರೂ ಅವರಲ್ಲಿದ್ದರು. ವಜಾಗೊಂಡ ಶಿಕ್ಷಕರಲ್ಲಿ ಹೆಚ್ಚಿನವರು ಕರಿಯ ಜನಾಂಗದ ಅನುಭವಿಗಳು; ಅವರ ಜಾಗಕ್ಕೆ ಬಂದವರಲ್ಲಿ ಹೊರಗಿನಿಂದ ಬಂದ, ಅಲ್ಪ ತರಬೇತಿಯ ತರುಣರು ಬಹಳ ಮಂದಿ. ವಜಾ ಕ್ರಮದ ವಿರುದ್ಧ ಹೂಡಿದ ದಾವೆ ಕೆಳ ನ್ಯಾಯಾಲಯಗಳಲ್ಲಿ ಶಿಕ್ಷಕರ ಪರವಾದರೂ 2014ರಲ್ಲಿ ಲೂಸಿಯಾನದ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು.

ಕಲಿಕೆಯ ಫಲಿತಾಂಶ ಸುಧಾರಿಸಿತೆಂಬುದನ್ನು ಟ್ಯುಲೇನ್ ವಿಶ್ವವಿದ್ಯಾಲಯದ ಸಂಶೋಧಕರು ದಾಖಲಿಸಿದ್ದಾರೆ. ಪರೀಕ್ಷಾ ಅಂಕಗಳು, ಪ್ರೌಢಶಾಲೆ ಮುಗಿಸುವವರ ಪ್ರಮಾಣ, ಕಾಲೇಜು ಪ್ರವೇಶ ಎಲ್ಲವೂ ಏರಿದವು. ಅದೇ ವೇಳೆಗೆ, ನೆರೆಯ ಶಾಲೆ ಎಂಬುದು ಇಲ್ಲವಾಗಿ ಮಕ್ಕಳು ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ ಬಸ್ಸಿನಲ್ಲಿ ಹೋಗಬೇಕಾಯಿತು. ಅಂಗವಿಕಲ ಮಕ್ಕಳನ್ನು ಶಾಲೆಗಳು ಸೇರಿಸಿಕೊಳ್ಳುತ್ತಿಲ್ಲವೆಂದು 2010ರಲ್ಲಿ ಮೊಕದ್ದಮೆ ದಾಖಲಾಯಿತು. ಪ್ರತಿ ಶಾಲೆಯೂ ತನ್ನದೇ ಪ್ರವೇಶ ಪದ್ಧತಿ ಇಟ್ಟುಕೊಂಡಿದ್ದರಿಂದ ಉಂಟಾದ ಗೊಂದಲವನ್ನು ನೀಗಲು 2012ರಲ್ಲಿ ಇಡೀ ನಗರಕ್ಕೆ ಒಂದೇ ಅರ್ಜಿಯ ಕ್ರಮ ಬಂದಿತು. 2018ರಲ್ಲಿ ಶಾಲೆಗಳ ಮೇಲ್ವಿಚಾರಣೆ ಚುನಾಯಿತ ಸ್ಥಳೀಯ ಮಂಡಳಿಗೆ ಮರಳಿತು. ನಗರದ ಎಲ್ಲ ಸರ್ಕಾರಿ ಶಾಲೆಗಳೂ ಚಾರ್ಟರ್ ಶಾಲೆಗಳಾದ ಕೆಲವು ವರ್ಷಗಳ ಬಳಿಕ, 2024ರಲ್ಲಿ, ಮಂಡಳಿಯು ತಾನೇ ನೇರವಾಗಿ ನಡೆಸುವ ಲಿಯಾ ಚೇಸ್ ಶಾಲೆಯನ್ನು ತೆರೆಯಿತು.

ರಾಜಕೀಯ

ಆರಂಭದಲ್ಲಿ ಎರಡೂ ದೊಡ್ಡ ಪಕ್ಷಗಳು ಚಾರ್ಟರ್ ಶಾಲೆಗಳನ್ನು ಬೆಂಬಲಿಸಿದವು. ಕಾರಣಗಳು ಮಾತ್ರ ಬೇರೆ. ರಿಪಬ್ಲಿಕನ್ನರಿಗೆ ಇದು ಮಾರುಕಟ್ಟೆಯ ಸ್ಪರ್ಧೆಯನ್ನು ಶಿಕ್ಷಣಕ್ಕೆ ತರುವ ದಾರಿ. ಡೆಮಾಕ್ರಟರಲ್ಲಿ ಹಲವರಿಗೆ ಇದು ವೋಚರ್ ಪದ್ಧತಿಯನ್ನು ತಡೆಯುವ ಮಧ್ಯಮಾರ್ಗ. 2016ರ ನಂತರ ಡೆಮಾಕ್ರಟಿಕ್ ಪಕ್ಷದೊಳಗೆ ಒಡಕು ಸ್ಪಷ್ಟವಾಯಿತು. ಪಕ್ಷದ ಬಲವಾದ ಆಧಾರಗಳಾದ ಶಿಕ್ಷಕರ ಸಂಘಗಳು ವಿರೋಧಿಸಿದರೆ, ನಗರಗಳ ಕರಿಯ ಮತ್ತು ಹಿಸ್ಪಾನಿಕ್ ಪೋಷಕರಲ್ಲಿ ಅನೇಕರು ತಮ್ಮ ಮಕ್ಕಳಿಗೆ ಚಾರ್ಟರ್ ಶಾಲೆಯಲ್ಲಿ ಸೀಟು ಬಯಸಿ ಕಾದಿರುವ ಪಟ್ಟಿಯಲ್ಲಿದ್ದರು. ನಾಗರಿಕ ಹಕ್ಕುಗಳ ಹಿರಿಯ ಸಂಸ್ಥೆಯಾದ ಎನ್‌ಎಎಸಿಪಿ 2016ರ ಅಕ್ಟೋಬರಿನಲ್ಲಿ ಹೊಸ ಚಾರ್ಟರ್ ಶಾಲೆಗಳಿಗೆ ತಾತ್ಕಾಲಿಕ ತಡೆ ಬೇಕೆಂದು ನಿರ್ಣಯಿಸಿತು. ಮರುತಿಂಗಳು ಮ್ಯಾಸಚೂಸೆಟ್ಸ್‌ನಲ್ಲಿ ಶಾಲೆಗಳ ಸಂಖ್ಯೆಯ ಮೇಲಿನ ಮಿತಿಯನ್ನು ಸಡಿಲಿಸುವ ಪ್ರಸ್ತಾವವನ್ನು ಶೇಕಡಾ 62ರಷ್ಟು ಮತದಾರರು ತಿರಸ್ಕರಿಸಿದರು. ಆ ರಾಜ್ಯದ ಬಾಸ್ಟನ್ ನಗರದ ಚಾರ್ಟರ್ ಶಾಲೆಗಳು ದೇಶದ ಅತ್ಯುತ್ತಮ ಶಾಲೆಗಳ ಸಾಲಿಗೆ ಸೇರಿದ್ದವು ಎಂಬುದು ಗಮನಾರ್ಹ.

2019ರ ಜನವರಿಯಲ್ಲಿ ಲಾಸ್ ಏಂಜಲಿಸ್ ಶಿಕ್ಷಕರ ಮುಷ್ಕರದಲ್ಲಿ ಚಾರ್ಟರ್ ಶಾಲೆಗಳ ವಿಸ್ತರಣೆಗೆ ಕಡಿವಾಣ ಹಾಕಬೇಕೆಂಬುದೂ ಒಂದು ಬೇಡಿಕೆಯಾಗಿತ್ತು. ಅದೇ ವರ್ಷ ಕ್ಯಾಲಿಫೋರ್ನಿಯವು ಹೊಸ ಶಾಲೆಗೆ ಅನುಮತಿ ನೀಡುವಾಗ ಸ್ಥಳೀಯ ಸರ್ಕಾರಿ ಶಾಲೆಗಳ ಹಣಕಾಸಿನ ಮೇಲಾಗುವ ಪರಿಣಾಮವನ್ನೂ ಪರಿಗಣಿಸಬಹುದೆಂದು ಕಾನೂನು ಮಾಡಿತು.

ನ್ಯಾಯಾಲಯಗಳಲ್ಲಿ

ವಾಷಿಂಗ್ಟನ್ ರಾಜ್ಯದಲ್ಲಿ 2012ರ ಜನಮತದಿಂದ ಜಾರಿಗೆ ಬಂದ ಕಾಯ್ದೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2015ರಲ್ಲಿ ಅಸಿಂಧುಗೊಳಿಸಿತು. ಚುನಾಯಿತರಲ್ಲದ ಮಂಡಳಿಗಳು ನಡೆಸುವ ಶಾಲೆಗಳಿಗೆ ಸಾಮಾನ್ಯ ಶಾಲೆಗಳಿಗೆ ಮೀಸಲಾದ ಹಣ ಸಲ್ಲದು ಎಂಬುದು ತೀರ್ಪಿನ ಸಾರ. ಮರುವರ್ಷ ಶಾಸನಸಭೆ ರಾಜ್ಯ ಲಾಟರಿಯ ಆದಾಯದಿಂದ ಹಣ ಒದಗಿಸಿ ಶಾಲೆಗಳನ್ನು ಉಳಿಸಿತು.

ಒಕ್ಲಹೋಮದಲ್ಲಿ ಕ್ಯಾಥೊಲಿಕ್ ಚರ್ಚಿನವರು ಸೇಂಟ್ ಇಸಿಡೋರ್ ಹೆಸರಿನಲ್ಲಿ ಧಾರ್ಮಿಕ ಆನ್‌ಲೈನ್ ಚಾರ್ಟರ್ ಶಾಲೆಯನ್ನು ತೆರೆಯಲು ಅನುಮತಿ ಪಡೆದಾಗ ಇನ್ನೂ ಮೂಲಭೂತವಾದ ಪ್ರಶ್ನೆ ಎದ್ದಿತು: ಚಾರ್ಟರ್ ಶಾಲೆ ಸರ್ಕಾರದ ಅಂಗವೋ, ಸರ್ಕಾರದ ಹಣ ಪಡೆಯುವ ಖಾಸಗಿ ಸಂಸ್ಥೆಯೋ? ರಾಜ್ಯದ ಸುಪ್ರೀಂ ಕೋರ್ಟ್ 2024ರಲ್ಲಿ ಆ ಶಾಲೆಯ ವಿರುದ್ಧ ತೀರ್ಪಿತ್ತಿತು. 2025ರ ಮೇ 22ರಂದು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಮತಗಳು 4–4ರಂತೆ ಸಮನಾದುದರಿಂದ ಕೆಳಗಿನ ತೀರ್ಪು ಉಳಿಯಿತು. ನ್ಯಾಯಮೂರ್ತಿ ಏಮಿ ಕೋನಿ ಬ್ಯಾರೆಟ್ ವಿಚಾರಣೆಯಿಂದ ಹಿಂದೆ ಸರಿದಿದ್ದರು. ಸಮಮತದ ತೀರ್ಪು ದೇಶಕ್ಕೆಲ್ಲ ಅನ್ವಯಿಸುವ ಪೂರ್ವನಿದರ್ಶನವಾಗದ ಕಾರಣ ಪ್ರಶ್ನೆ ಇತ್ಯರ್ಥವಾಗದೆ ಉಳಿದಿದೆ.

ಕಲಿಕೆಯ ಫಲಿತಾಂಶ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 'ಕ್ರೆಡೊ' ಸಂಶೋಧನಾ ಕೇಂದ್ರದ ಮೂರು ರಾಷ್ಟ್ರೀಯ ಅಧ್ಯಯನಗಳು ಹೆಚ್ಚು ಚರ್ಚಿತವಾಗಿವೆ. 2009ರ ವರದಿಯ ಪ್ರಕಾರ ಗಣಿತದಲ್ಲಿ ಶೇಕಡಾ 17ರಷ್ಟು ಚಾರ್ಟರ್ ಶಾಲೆಗಳು ಸರ್ಕಾರಿ ಶಾಲೆಗಳಿಗಿಂತ ಮೇಲಾಗಿದ್ದವು, ಶೇಕಡಾ 37ರಷ್ಟು ಕೆಳಮಟ್ಟದಲ್ಲಿದ್ದವು, ಉಳಿದವುಗಳಲ್ಲಿ ವ್ಯತ್ಯಾಸವಿರಲಿಲ್ಲ. 2013ರ ವರದಿಯಲ್ಲಿ ಮೇಲಾದ ಶಾಲೆಗಳ ಪ್ರಮಾಣ ಶೇಕಡಾ 29ಕ್ಕೆ ಏರಿತು. ಕೆಳಗಿದ್ದವು ಶೇಕಡಾ 31. 2023ರ ವರದಿ ಚಾರ್ಟರ್ ವಿದ್ಯಾರ್ಥಿಗಳು ಓದಿನಲ್ಲಿ ವರ್ಷಕ್ಕೆ 16 ದಿನ, ಗಣಿತದಲ್ಲಿ 6 ದಿನಗಳ ಕಲಿಕೆಗೆ ಸಮನಾದಷ್ಟು ಮುಂದಿದ್ದಾರೆಂದು ಹೇಳಿತು. ದಿನಗಳ ಈ ಲೆಕ್ಕ ಅಂಕಗಳ ಸಣ್ಣ ಅಂತರವನ್ನು ದೊಡ್ಡದಾಗಿ ತೋರಿಸುತ್ತದೆಂಬ ಆಕ್ಷೇಪವೂ ಇದೆ.

ಲಾಟರಿಯಲ್ಲಿ ಸೀಟು ಸಿಕ್ಕ ಮಕ್ಕಳನ್ನೂ ಸಿಗದ ಮಕ್ಕಳನ್ನೂ ಹೋಲಿಸುವ ಅಧ್ಯಯನಗಳಿಗೆ ಹೆಚ್ಚಿನ ವಿಶ್ವಾಸಾರ್ಹತೆ ಇದೆ. ಏಕೆಂದರೆ ಎರಡೂ ಗುಂಪಿನ ಪೋಷಕರು ಮಕ್ಕಳ ಓದಿನ ಬಗ್ಗೆ ಸಮಾನ ಆಸಕ್ತಿಯಿಂದ ಅರ್ಜಿ ಹಾಕಿದವರೇ. ಬಾಸ್ಟನ್ ಮತ್ತು ನ್ಯೂಯಾರ್ಕ್ ನಗರಗಳ ಇಂಥ ಅಧ್ಯಯನಗಳು ಬಡ ಮಕ್ಕಳಿಗೆ ಗಣನೀಯ ಲಾಭವನ್ನು ತೋರಿಸಿವೆ. ಆದರೆ ಈ ವಿಧಾನ ಬೇಡಿಕೆ ಹೆಚ್ಚಿರುವ, ಅಂದರೆ ಒಳ್ಳೆಯ ಹೆಸರು ಪಡೆದ ಶಾಲೆಗಳಿಗೆ ಮಾತ್ರ ಅನ್ವಯಿಸಬಲ್ಲದು.

ಆನ್‌ಲೈನ್ ಚಾರ್ಟರ್ ಶಾಲೆಗಳ ಸ್ಥಿತಿ ಮಾತ್ರ ನಿರ್ವಿವಾದವಾಗಿ ಕಳಪೆ. ಗಣಿತದಲ್ಲಿ ಅವುಗಳ ವಿದ್ಯಾರ್ಥಿಗಳು ವರ್ಷಕ್ಕೆ 180 ದಿನಗಳಷ್ಟು ಹಿಂದುಳಿಯುತ್ತಾರೆಂದು ಕ್ರೆಡೊ 2015ರಲ್ಲಿ ವರದಿ ಮಾಡಿತು. ಅಮೆರಿಕದ ಒಂದು ಶಾಲಾ ವರ್ಷದಲ್ಲಿ ಇರುವುದೇ ಸುಮಾರು 180 ದಿನ.

ಟೀಕೆಗಳು

ಪ್ರವೇಶ ಎಲ್ಲರಿಗೂ ಮುಕ್ತವೆಂದಿದ್ದರೂ ಕಲಿಸಲು ಕಷ್ಟವಾದ ಮಕ್ಕಳನ್ನು ಕೆಲವು ಶಾಲೆಗಳು ನಯವಾಗಿ ಹೊರಗೆ ಕಳಿಸುತ್ತವೆ ಎಂಬುದು ಮುಖ್ಯ ಟೀಕೆ. ಪದೇ ಪದೇ ಅಮಾನತು ಮಾಡುವುದು, ಪೋಷಕರನ್ನು ಮೇಲಿಂದ ಮೇಲೆ ಕರೆಸುವುದು, ಬೇರೆ ಶಾಲೆ ಈ ಮಗುವಿಗೆ ಹೊಂದಬಹುದೆಂದು ಸೂಚಿಸುವುದು ಇದರ ರೀತಿಗಳು. 2012ರ ಸರ್ಕಾರಿ ಲೆಕ್ಕಪರಿಶೋಧನಾ ವರದಿಯೊಂದರ ಪ್ರಕಾರ 2009–10ರಲ್ಲಿ ಅಂಗವಿಕಲ ಮಕ್ಕಳು ಚಾರ್ಟರ್ ಶಾಲೆಗಳಲ್ಲಿ ಶೇಕಡಾ 8ರಷ್ಟೂ ಸಾಮಾನ್ಯ ಸರ್ಕಾರಿ ಶಾಲೆಗಳಲ್ಲಿ ಶೇಕಡಾ 11ರಷ್ಟೂ ಇದ್ದರು.

ಹಣದ ದುರುಪಯೋಗ ಇನ್ನೊಂದು. ಒಹಾಯೊ ರಾಜ್ಯದ 'ಎಲೆಕ್ಟ್ರಾನಿಕ್ ಕ್ಲಾಸ್‌ರೂಮ್ ಆಫ್ ಟುಮಾರೊ' ಎಂಬ ಆನ್‌ಲೈನ್ ಶಾಲೆ ತಾನು ಲೆಕ್ಕ ಕೊಟ್ಟಷ್ಟು ಮಕ್ಕಳು ನಿಜವಾಗಿ ಪಾಠ ಕಲಿತಿದ್ದಾರೆಂದು ತೋರಿಸಲಾಗಲಿಲ್ಲ. ಸುಮಾರು 8 ಕೋಟಿ ಡಾಲರ್ ಮರಳಿಸಬೇಕೆಂಬ ಆದೇಶದ ಹಿನ್ನೆಲೆಯಲ್ಲಿ ಅದು 2018ರ ಜನವರಿಯಲ್ಲಿ, ಶಾಲಾ ವರ್ಷದ ನಡುವೆಯೇ ಮುಚ್ಚಿತು. ಸುಮಾರು 12,000 ವಿದ್ಯಾರ್ಥಿಗಳು ರಾತ್ರೋರಾತ್ರಿ ಬೇರೆ ಶಾಲೆ ಹುಡುಕಬೇಕಾಯಿತು. ವಿಫಲವಾದ ಶಾಲೆಯನ್ನು ಮುಚ್ಚುವುದು ಈ ವ್ಯವಸ್ಥೆಯ ಬಲವೆಂದು ಬೆಂಬಲಿಗರು ಹೇಳುತ್ತಾರೆ. ಆದರೆ ಮುಚ್ಚಿದ ಶಾಲೆಯ ಮಗುವಿಗೆ ಕಳೆದುಹೋದ ವರ್ಷ ಮರಳಿ ಬರುವುದಿಲ್ಲ. ಶಿಕ್ಷಣ ಇತಿಹಾಸಕಾರ್ತಿ ಡಯಾನ್ ರಾವಿಚ್ ಮೊದಲು ಬೆಂಬಲಿಗರಾಗಿದ್ದು, 2010ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಪ್ರಮುಖ ವಿಮರ್ಶಕರಾದರು.

ಇತರ ದೇಶಗಳು ಮತ್ತು ಭಾರತ

ಕೆನಡಾದ ಆಲ್ಬರ್ಟ ಪ್ರಾಂತದಲ್ಲಿ 1994ರಿಂದ ಚಾರ್ಟರ್ ಶಾಲೆಗಳಿಗೆ ಅವಕಾಶವಿದೆ. ಸ್ವೀಡನ್ನಿನ ಸ್ವತಂತ್ರ ಶಾಲೆಗಳು, ಇಂಗ್ಲೆಂಡಿನ ಅಕಾಡೆಮಿಗಳು ಇದೇ ಜಾತಿಗೆ ಸೇರಿದವು. ನ್ಯೂಜಿಲೆಂಡ್ 2014ರಲ್ಲಿ ಇಂಥ ಶಾಲೆಗಳನ್ನು ಆರಂಭಿಸಿ, ಸರ್ಕಾರ ಬದಲಾದಾಗ 2018ರಲ್ಲಿ ರದ್ದುಪಡಿಸಿ, ಮತ್ತೆ ಸರ್ಕಾರ ಬದಲಾದ ಮೇಲೆ ಪುನರಾರಂಭಿಸಿತು.

ಭಾರತದಲ್ಲಿ ಚಾರ್ಟರ್ ಶಾಲೆಯೆಂಬ ಕಾನೂನುಬದ್ಧ ವರ್ಗವಿಲ್ಲ. ಖಾಸಗಿ ಆಡಳಿತ ಮಂಡಳಿಯೂ ಸರ್ಕಾರದ ಹಣವೂ ಕೂಡಿರುವುದರಿಂದ ಕರ್ನಾಟಕದ ಓದುಗರಿಗೆ ಪರಿಚಿತವಾದ ಅನುದಾನಿತ ಶಾಲೆಯನ್ನು ಇದಕ್ಕೆ ಹೋಲಿಸುವುದುಂಟು. ಆದರೆ ವ್ಯತ್ಯಾಸಗಳು ಮೂಲಭೂತವಾದವು. ಅನುದಾನಿತ ಶಾಲೆಯಲ್ಲಿ ಸರ್ಕಾರ ಮುಖ್ಯವಾಗಿ ಮಂಜೂರಾದ ಹುದ್ದೆಗಳ ವೇತನವನ್ನು ಭರಿಸುತ್ತದೆ. ಪಠ್ಯಕ್ರಮ ಮತ್ತು ಸೇವಾ ನಿಯಮಗಳು ಸರ್ಕಾರದವೇ. ಅನುದಾನಕ್ಕೆ ಕಾಲಮಿತಿಯ ಒಪ್ಪಂದವಿಲ್ಲ. ಚಾರ್ಟರ್ ಶಾಲೆಗೆ ಹಣ ಬರುವುದು ಮಕ್ಕಳ ಲೆಕ್ಕದಲ್ಲಿ, ಶಿಕ್ಷಕರ ಹುದ್ದೆ ಶಾಲೆಯ ಇಚ್ಛೆಗೆ ಬಿಟ್ಟದ್ದು, ಮತ್ತು ಅದರ ಅಸ್ತಿತ್ವವೇ ಪ್ರತಿ ಕೆಲವು ವರ್ಷಗಳಿಗೊಮ್ಮೆ ಮರುಪರಿಶೀಲನೆಗೆ ಒಳಪಡುತ್ತದೆ.